ಕಂಬಳಿಯಯ್ಯನಿಗೆ ಕೂಗುವ ಕೆಲಸ

ಹೋದ ವಾರ ಸಿಂಚನ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದಳು. ಮಳವಳ್ಳಿ ಕಡೆಯ ಯಾವುದೋ ಊರು, ಕಬ್ಬಿನ ಗದ್ದೆ, ಬದುವಿನ ಮೇಲೆ ಒಂದು ಕರಡಿ. ಸುತ್ತ ಜನ, ಒಬ್ಬೊಬ್ಬರ ಕೈಯಲ್ಲೂ ಫೋನು. ಬಲೆ ಹಿಡಿದು ನಿಂತವರು ದೂರ ಹೋಗಿ ಎಂದು ಕೈಮುಗಿಯುತ್ತಿದ್ದರು. ಜನ ಮಾತ್ರ ಕೂಗುತ್ತಲೇ ಇದ್ದರು. ಕರಡಿ ಈ ಕಡೆ ತಿರುಗಿದರೆ ಈ ಕಡೆಯವರು, ಆ ಕಡೆ ತಿರುಗಿದರೆ ಆ ಕಡೆಯವರು. ಅದಕ್ಕೆ ಹೋಗಲು ದಾರಿಯೇ ಇರಲಿಲ್ಲ. ನಮ್ಮ ಮನೆಯಲ್ಲೂ ಕರಡಿಗೆ ಕೂಗುತ್ತಿದ್ದೆವು, ಆದರೆ ಅದು ದಾರಿ ಬಿಡಲಿ ಎಂದು ಕೂಗುತ್ತಿದ್ದೆವು ಎಂದು ಹೇಳಬೇಕೆನಿಸಿತು. ಬಾಯಿ ತೆರೆಯುವಷ್ಟರಲ್ಲಿ ಸಿಂಚನ ಕೇಳಿದಳು.

"ಅಜ್ಜಿ, ಕೆಂಪಜ್ಜಿ ಓಡ್ಸಿದ್ದು ಇಂಥಾ ಕರಡಿನೇನಾ?"

ಕೆಂಪಜ್ಜಿ ಓಡಿಸಿದ್ದು! ನನ್ನ ತಂಗಿ ಕೆಂಪಿ ಆ ಕರಡಿಯ ಬಾಲವನ್ನೂ ಹತ್ತಿರದಿಂದ ನೋಡಿದವಳಲ್ಲ. ಅದರ ಬಾಯಿಯ ವಾಸನೆ ಮೂಗಿಗೆ ಬಡಿಯುವಷ್ಟು ಹತ್ತಿರ ನಿಂತವಳು ನಾನು. ಆದರೆ ಕೊತ್ತತ್ತಿಯಿಂದ ಕೆಂಪಿ ಬಂದಿಳಿದ ದಿನ ನೀವು ಮೊಮ್ಮಕ್ಕಳೆಲ್ಲ ಅವಳ ಸುತ್ತ ಕೂರುತ್ತೀರಿ. ಅವಳು ಕೈ ಬೀಸಿ, ಗಂಟಲೆತ್ತಿ, ಕರಡಿಯ ಹಾಗೆ ಎದ್ದು ನಿಂತು ಕಥೆ ಹೇಳುತ್ತಾಳೆ. ನಾನು ಅಡುಗೆಮನೆಯಲ್ಲಿ ಅವಳಿಗೆ ಕಾಫಿ ಸೋಸುತ್ತಾ ಕೇಳಿಸಿಕೊಳ್ಳುತ್ತೇನೆ. ನನಗೆ ಎಪ್ಪತ್ತು ದಾಟಿದೆ, ಅವಳ ಮೇಲಿನ ಹೊಟ್ಟೆಕಿಚ್ಚು ಇನ್ನೂ ದಾಟಿಲ್ಲ. ನಿಮ್ಮ ತಾತ ಇದ್ದಾಗ, "ಬಾಯಲ್ ಮುತ್ತು ಮಡೀಕಂಡಿದ್ದೀಯೇನೆ, ಉದುರ್ಸೇ ಒಸಿಯಾ" ಎಂದು ರೇಗಿಸುತ್ತಿದ್ದರು. ಉದುರಿಸಲು ನನಗೆ ಬರುವುದಿಲ್ಲ. ಊರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಬರೆಯಲು ಕಲಿತಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ. ಕೆಂಪಿಯ ಕಥೆಯಲ್ಲಿ ಒಂದು ಮಾತು ಇಷ್ಟು ವರ್ಷವೂ ತಪ್ಪಾಗಿಯೇ ನಡೆದುಕೊಂಡು ಬಂದಿದೆ. ಅದನ್ನು ಸರಿಮಾಡಬೇಕಾದವಳು ನಾನು.

ನಮ್ಮ ತೌರು ಶಿವನಸಮುದ್ರದ ದಾರಿಯಲ್ಲಿ ಒಳಗೆ ಹೋಗುವ ಸಣ್ಣ ಹಳ್ಳಿ. ವಿದ್ಯುತ್ತು ಹುಟ್ಟುವ ಜಾಗ ಅಷ್ಟು ಹತ್ತಿರವಿದ್ದರೂ ನಮ್ಮ ಮನೆಗೆ ಕರೆಂಟು ಬಂದಿರಲಿಲ್ಲ. ನಾಡಹೆಂಚಿನ ಮನೆ. ಮುಂದೆ ಜಗುಲಿ, ಒಳಗೆ ನಡುಮನೆ, ನಡುಮನೆಯ ಒಂದು ಪಕ್ಕದಲ್ಲಿ ದನಗಳು, ಇನ್ನೊಂದು ಪಕ್ಕದಲ್ಲಿ ನಾವು. ಅಡುಗೆ ಒಲೆಯ ಎದುರು ಒಂದು ಕಲ್ಲುಚಪ್ಪಡಿ ಇತ್ತು. ಅದು ಅಜ್ಜಿ ಕೂರುವ ಜಾಗ. ಅಪ್ಪ, ಅವ್ವ, ಚಿಕ್ಕಪ್ಪ, ಅಪ್ಪನ ತಾಯಿಯಾದ ಈ ಅಜ್ಜಿ, ನಾನು, ಕೆಂಪಿ. ಇಷ್ಟೇ ಮನೆ. ನಮ್ಮ ಹೊಲ ಊರಿಂದ ಆಚೆ ಬೆಟ್ಟದ ಬುಡದಲ್ಲಿತ್ತು: ರಾಗಿ, ಅವರೆ, ಒಂದು ತುಂಡು ಕಡಲೆಕಾಯಿ. ಹೊಲದ ದಾರಿಯ ಎರಡು ಕಡೆಯೂ ಎಲಚಿ ಪೊದೆ, ಮಧ್ಯೆ ಮಧ್ಯೆ ಆಳೆತ್ತರದ ಹುತ್ತಗಳು. ಬೆಟ್ಟದ ಕಲ್ಲುಗವಿಯಲ್ಲಿದ್ದ ಕರಡಿಗೆ ಗೆದ್ದಲೂ ಬೇಕು, ಎಲಚಿ ಹಣ್ಣೂ ಬೇಕು, ನಮ್ಮ ಕಡಲೆಕಾಯಿಯೂ ಬೇಕು.

ಅದನ್ನು ಯಾರೂ ಕರಡಿ ಎನ್ನುತ್ತಿರಲಿಲ್ಲ. ಕಂಬಳಿಯಯ್ಯ ಎನ್ನುತ್ತಿದ್ದರು. ಬೇಸಿಗೆಯಲ್ಲೂ ಕಂಬಳಿ ಹೊದ್ದು ಓಡಾಡುವವನು ಎಂದು. ಹೆಣ್ಣಾದರೂ ಅಯ್ಯನೇ. ಕಡಲೆಕಾಯಿ ಕೀಳುವಾಗ ಬೆಟ್ಟದ ಕಡೆಯ ಕೊನೆಯ ಸಾಲನ್ನು ಕೀಳದೆ ಬಿಡುತ್ತಿದ್ದೆವು, ಎಲಚಿ ಮರದಲ್ಲಿ ಬೆಟ್ಟದ ಕಡೆಗೆ ಚಾಚಿದ ಕೊಂಬೆಯನ್ನು ಮುಟ್ಟುತ್ತಿರಲಿಲ್ಲ. ಎಲ್ಲಕ್ಕಿಂತ ಮುಖ್ಯವಾದ ಕಟ್ಟು ಒಂದಿತ್ತು. ಬೆಳಗಿನ ಹೊತ್ತು ಹೊಲಕ್ಕೆ ಹೋಗುವವರು ಸುಮ್ಮನೆ ಹೋಗಬಾರದು. ಒಬ್ಬರು ಮುಂದೆ ನಡೆದು ಕೂಗಬೇಕು. ಕರಡಿ ಹುತ್ತಕ್ಕೆ ಮೂತಿ ಇಟ್ಟು ಗೆದ್ದಲು ಹೀರುತ್ತಿದ್ದರೆ ಅದಕ್ಕೆ ಲೋಕದ ಪರಿವೆಯೇ ಇರುವುದಿಲ್ಲ. ಕಾಲ ಬುಡಕ್ಕೆ ಮನುಷ್ಯ ಬಂದಾಗ ಬೆಚ್ಚಿ, ಎದ್ದು, ಹೊಡೆಯುತ್ತದೆ. ದೂರದಿಂದಲೇ ದನಿ ಕೇಳಿದರೆ ಗೊಣಗಿಕೊಂಡು ಬೆಟ್ಟ ಹತ್ತುತ್ತದೆ. ಊರಲ್ಲಿ ಅದು ನಂಬಿಕೆಯ ಮಾತಾಗಿತ್ತು: ಕೂಗಿದವರ ಮೇಲೆ ಕಂಬಳಿಯಯ್ಯ ಯಾವತ್ತೂ ಬಿದ್ದಿಲ್ಲ.

ಮೊದಲು ಅಜ್ಜಿಯೇ ಕೂಗುತ್ತಿದ್ದಳು. ವಯಸ್ಸಾಗಿ ದನಿ ಒಡೆದ ಮೇಲೆ ಆ ಕೆಲಸ ಹಿರಿಮೊಮ್ಮಗಳಾದ ನನಗೆ ಬರಬೇಕಿತ್ತು. ನನಗೆ ಹನ್ನೊಂದು, ಕೆಂಪಿಗೆ ಒಂಬತ್ತು. ಒಂದು ದಿನ ಅಂಗಳದಲ್ಲಿ ನಿಲ್ಲಿಸಿ ಇಬ್ಬರನ್ನೂ ಕೂಗಿಸಿದರು. ನಾನು ಕೂಗಿದ್ದು ಹಿತ್ತಿಲ ಕೋಳಿಗೂ ಕೇಳಲಿಲ್ಲ. ಕೆಂಪಿ ಸೊಂಟಕ್ಕೆ ಕೈ ಇಟ್ಟುಕೊಂಡು ಒಂದೇ ಸಲ ಕೂಗಿದಳು.

"ಬತ್ತಾ ಇವ್ನಿ ಕಣಯ್ಯೋ! ದಾರಿ ಬುಡಯ್ಯೋ!"

ಕೆರೆಯ ಆಚೆ ದನ ಮೇಯಿಸುತ್ತಿದ್ದವರು ತಿರುಗಿ ನೋಡಿದರು. ಚಿಕ್ಕಪ್ಪ ನಕ್ಕು, "ಇವ್ಳ್ ಕೂಗ್ಗೆ ಕಂಬ್ಳಿಯಯ್ಯ ಕಂಬ್ಳಿ ಬುಟ್ಟು ಓಡ್ತಾನೆ ಕಣವ್ವ" ಎಂದ. ಅಲ್ಲಿಗೆ ತೀರ್ಮಾನವಾಯಿತು.

ಕೂಗುವ ಕೆಲಸಕ್ಕೆ ಮರ್ಯಾದೆ ಎಷ್ಟಿತ್ತು ಎಂದು ಈಗಿನವರಿಗೆ ಹೇಗೆ ಹೇಳಲಿ? ಹೊಲದಿಂದ ಬಂದ ಕೂಡಲೇ ಒಲೆಯ ಮುಂದೆ ಅಜ್ಜಿಯ ಪಕ್ಕ ಆ ಕಲ್ಲುಚಪ್ಪಡಿಯ ಮೇಲೆ ಕೂಗಿದವಳಿಗೆ ಜಾಗ. ಮಡಕೆಯಿಂದ ಎದ್ದ ಮೊದಲ ಮುದ್ದೆ ಅವಳಿಗೆ. ಅಜ್ಜಿ ಹೆಬ್ಬೆರಳಿನಿಂದ ಮುದ್ದೆಯಲ್ಲಿ ಗುಳಿ ಮಾಡಿ, ಬೆಣ್ಣೆ ಇಟ್ಟು, ಅದು ಕರಗುವವರೆಗೂ ನೋಡುತ್ತಾ ಕೂರುವಳು. ಎರಡನೆಯ ಮುದ್ದೆ ಅಪ್ಪನಿಗೆ, ಮೂರನೆಯದು ಚಿಕ್ಕಪ್ಪನಿಗೆ. ನನ್ನ ಮುದ್ದೆ ಬರುವಾಗ ಬೆಣ್ಣೆಯ ಗಿಣ್ಣಲು ನೆಲುವಿಗೆ ಏರಿರುತ್ತಿತ್ತು. ಸಂಜೆ ದೀಪ ಹಚ್ಚಿದ ಮೇಲೆ ಅಜ್ಜಿ ಹರಳೆಣ್ಣೆ ಬೆಚ್ಚಗೆ ಮಾಡಿ ಕೆಂಪಿಯ ಗಂಟಲಿಗೆ ನೀವುತ್ತಿದ್ದಳು. ಮೆಣಸು, ಜೀರಿಗೆ, ಬೆಲ್ಲ ಕುದಿಸಿದ ಕಷಾಯ ಅವಳಿಗೆ. ಅವಳು ಕುಡಿದು ಉಳಿಸಿದ ಗಸಿ ನನಗೆ. ನೆರೆಮನೆಯವರೂ ಬಾಗಿಲಿಗೆ ಬಂದು ಅವ್ವನನ್ನು ಕರೆದು, "ನಿಂಗವ್ವ, ನಾಳೀಕೆ ನಮ್ಮೊಲಕ್ಕೂ ಒಸಿ ನಿನ್ ಕೆಂಪೀನ ಕಳ್ಸವ್ವ" ಎನ್ನುತ್ತಿದ್ದರು. ಬಾಗಿಲಲ್ಲೇ ನಿಂತ ನನ್ನನ್ನು ದಾಟಿಕೊಂಡು ಒಳಗೆ ನೋಡುತ್ತಿದ್ದರು. ಹೊಲದ ದಾರಿಯಲ್ಲಿ ಅವಳು ಮುಂದೆ ಕೈ ಬೀಸಿಕೊಂಡು, ನಾನು ಹಿಂದೆ ಬುತ್ತಿಯ ಕುಕ್ಕೆ ಹೊತ್ತುಕೊಂಡು. ಎರಡು ವರ್ಷ ಅವಳ ಹಿಮ್ಮಡಿಯನ್ನು ನೋಡುತ್ತಾ ನಡೆದಿದ್ದೇನೆ.

ಬೆಣ್ಣೆಗಿಂತ ನನ್ನನ್ನು ಸುಟ್ಟ ಸಂಗತಿ ಇನ್ನೊಂದಿತ್ತು. ಅಜ್ಜಿಗೆ ಆ ಕಾಲಕ್ಕೆ ಕಿವಿ ಹೆಚ್ಚುಕಡಿಮೆ ಹೋಗಿತ್ತು. ಅವ್ವ ಕಿವಿಯ ಹತ್ತಿರ ಬಾಯಿ ಇಟ್ಟು ಮಾತಾಡಬೇಕಿತ್ತು. ಮನೆಯಲ್ಲಿ ಕೂತ ಕಡೆಯಿಂದಲೇ ಅಜ್ಜಿಗೆ ಕೇಳಿಸುತ್ತಿದ್ದುದು ಕೆಂಪಿಯ ದನಿ ಒಂದೇ. ಹಾಗಾಗಿ ಅಜ್ಜಿಯ ಮಾತುಕತೆ, ನಗು, ಹಳೆಯ ಕಥೆ ಎಲ್ಲವೂ ಕೆಂಪಿಯ ಜೊತೆ. ಮಲಗುವಾಗ ಅಜ್ಜಿ ನಡುವೆ, ನಾವು ಆ ಕಡೆ ಈ ಕಡೆ. ಅಜ್ಜಿಯ ಮುಖ ಯಾವಾಗಲೂ ಆ ಕಡೆಗೆ. ನಾನು ಅವಳ ಬೆನ್ನಿಗೆ ಎಷ್ಟೋ ಮಾತು ಹೇಳಿದ್ದೇನೆ. ಒಂದೂ ಅವಳನ್ನು ಮುಟ್ಟಲಿಲ್ಲ. ಅಜ್ಜಿಗೆ ಒಬ್ಬಳೇ ಮೊಮ್ಮಗಳು ಎಂದು ನಾನು ಆಗ ತೀರ್ಮಾನಿಸಿಬಿಟ್ಟಿದ್ದೆ.

ಅದು ರಾಗಿ ಕೊಯ್ದು ಮುಗಿದು, ಅವರೆ ಬಿಡಿಸುವ ಚಳಿಗಾಲ. ಬೆಳಗ್ಗೆ ಎದ್ದರೆ ಇಬ್ಬನಿ ಮಳೆಯಂತೆ ಬಿದ್ದಿರುತ್ತಿತ್ತು. ಆ ಹೊತ್ತಿಗೆ ಹುಣಸೆಕಾಯಿ ಹಸಿರಾಗಿ, ಹಲ್ಲು ಚುಳ್ಳೆನ್ನುವಷ್ಟು ಹುಳಿಯಾಗಿರುತ್ತದೆ. ಕೆಂಪಿಗೆ ಅದನ್ನು ಕಂಡರೆ ಪ್ರಾಣ. ಗಂಟಲು ಕಟ್ಟುತ್ತದೆಂದು ಅಜ್ಜಿ ಅವಳಿಗೆ ಒಂದು ತುಣುಕನ್ನೂ ಮುಟ್ಟಗೊಡುತ್ತಿರಲಿಲ್ಲ. ಒಂದು ಮಧ್ಯಾಹ್ನ ನಾನು ಕೆರೆ ಏರಿಯ ಮರ ಹತ್ತಿ ಮಡಿಲು ತುಂಬ ಕಾಯಿ ಕಿತ್ತೆ. ಅಡುಗೆಮನೆಯಿಂದ ಉಪ್ಪು, ಮೆಣಸಿನಪುಡಿ ಕದ್ದು ತಂದೆ. ಹುಲ್ಲುಮೆದೆಯ ಹಿಂದೆ ಅವಳನ್ನು ಕೂರಿಸಿ ತಿನ್ನಿಸಿದೆ.

"ಅಕ್ಕ, ನೀನ್ ತಿನ್ನಾಕಿಲ್ವಾ?"

"ನಂಗ್ ಬ್ಯಾಡ. ನೀನ್ ತಿನ್ನು. ಎಲ್ಲಾ ನಿಂಗೇಯ."

ಅವಳು ನನ್ನ ಕೊರಳಿಗೆ ಜೋತುಬಿದ್ದು ಮುತ್ತು ಕೊಟ್ಟಳು. ತುಟಿಯಲ್ಲಿದ್ದ ಮೆಣಸಿನಪುಡಿ ನನ್ನ ಕೆನ್ನೆಗೆ ಉರಿಯಿತು. ಮೇಲೆ ಎರಡು ಲೋಟ ತಣ್ಣೀರನ್ನೂ ನಾನೇ ತಂದು ಕುಡಿಸಿದೆ. ಮಾರನೆಯ ದಿನವೂ ತಿನ್ನಿಸಿದೆ. ಮೂರನೆಯ ಬೆಳಗ್ಗೆ ಕೆಂಪಿ ಎದ್ದು ಬಾಯಿ ತೆರೆದರೆ ಬರಿಯ ಗಾಳಿ ಬಂತು.

"ಇಬ್ನೀಲಿ ತಿರುಗ್ಬ್ಯಾಡ ಅಂದ್ರೆ ಕೇಳ್ದಾ ಇವ್ಳು?" ಎಂದು ಅವ್ವ ಗದರಿದಳು. ಕೆಂಪಿ ನನ್ನನ್ನು ನೋಡಿದಳು. ಹುಣಸೆಕಾಯಿಯ ಮಾತು ಎತ್ತಲಿಲ್ಲ. ಅಕ್ಕನಿಗೆ ಬೈಗುಳ ಬೀಳುತ್ತದೆಂದು ಸುಮ್ಮನಾದಳು.

ಆ ದಿನ ಅವರೆ ಬಿಡಿಸಲು ಅಜ್ಜಿ ಹೋಗಲೇಬೇಕಿತ್ತು. ಅಪ್ಪ, ಚಿಕ್ಕಪ್ಪ ಕಣದಲ್ಲಿದ್ದರು. ಅಜ್ಜಿ ನನ್ನ ಕಡೆ ತಿರುಗಿ, "ಮಾದೇವಿ, ನೀನೇ ಮುಂದ್ಕೋಗವ್ವ. ಗಟ್ಟಿಯಾಗ್ ಕೂಗು" ಎಂದಳು. ಕುಕ್ಕೆಯನ್ನು ತಾನೇ ಹೊತ್ತಳು. ನಾನು ಮುಂದೆ ನಡೆದೆ. ಹಿಂದೆ ತಿರುಗಿ ಬಾಗಿಲಲ್ಲಿ ಕಂಬಳಿ ಹೊದ್ದು ನಿಂತ ಕೆಂಪಿಯನ್ನು ಒಮ್ಮೆ ನೋಡಿದೆ. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿಲ್ಲ.

ಊರು ದಾಟಿ ಎಲಚಿ ಪೊದೆ ಶುರುವಾದಾಗ ಬಾಯಿ ತೆರೆದೆ. ದನಿ ಬರಲಿಲ್ಲ. ಪೊದೆಗಳೆಲ್ಲ ನನ್ನನ್ನೇ ನೋಡುತ್ತಿರುವಂತೆ, ನಾನು ಕೂಗಿದರೆ ಊರೇ ನಗುವಂತೆ ಅನ್ನಿಸಿತು. ಇನ್ನು ಹತ್ತು ಹೆಜ್ಜೆ ಹೋಗಿ ಕೂಗೋಣ ಎಂದುಕೊಂಡೆ. ಹತ್ತು ಹೆಜ್ಜೆ ಆಯಿತು. ತುಟಿಯನ್ನು ಮಾತ್ರ ಅಲ್ಲಾಡಿಸಿದೆ. ಅಷ್ಟರಲ್ಲಿ ಒಂದು ಯೋಚನೆ ಬಂತು. ಅಜ್ಜಿಗೆ ಕಿವಿ ಕೇಳುವುದಿಲ್ಲವಲ್ಲ! ನಾನು ಕೂಗಿದೆನೋ ಇಲ್ಲವೋ ಅವಳಿಗೆ ಹೇಗೆ ತಿಳಿಯುತ್ತದೆ? ಒಂದು ದಿನ ಸುಮ್ಮನೆ ಹೋದರೆ ಏನಾದೀತು? ಹೋಗಿ ಬಂದರೆ ಸಾಕು, ಕಲ್ಲುಚಪ್ಪಡಿ ನನ್ನದು, ಬೆಣ್ಣೆ ನನ್ನದು. ಗಲ್ಲವನ್ನು ಕೂಗುವವಳಂತೆ ಮೇಲೆತ್ತಿಕೊಂಡು ನಡೆದೆ. ಹಿಂದೆ ಅಜ್ಜಿಯ ಕಾಲಸಪ್ಪಳ ನನ್ನ ಜೊತೆಜೊತೆಗೇ ಬರುತ್ತಿತ್ತು.

ದೊಡ್ಡ ಹುತ್ತದ ತಿರುವಿನಲ್ಲಿ ಮೊದಲು ಕೇಳಿಸಿದ್ದು ಬುಸ್ ಬುಸ್ ಎಂದು ಹೀರುವ ಸದ್ದು. ಆಮೇಲೆ ಹುತ್ತದ ನೆರಳೇ ಎದ್ದು ನಿಂತಂತಾಯಿತು. ಎದೆಯ ಮೇಲೆ ಬಿಳಿಯ ಗೆರೆ, ಮೂತಿ ತುಂಬ ಕೆಮ್ಮಣ್ಣು, ಬೆನ್ನ ರೋಮ ಹಿಡಿದುಕೊಂಡು ಕೂತ ಮರಿ. ಹಳಸಿದ ವಾಸನೆ. ನನ್ನ ಜಡೆಯನ್ನು ಯಾರೋ ಹಿಂದಕ್ಕೆ ಜಗ್ಗಿದರು. ನಾನು ನೆಲಕ್ಕೆ ಬಿದ್ದೆ. ನನ್ನ ಮುಂದೆ ಅಜ್ಜಿ ಕುಕ್ಕೆಯನ್ನು ಅಡ್ಡ ಹಿಡಿದು ನಿಂತಿದ್ದಳು.

"ನೀನೂ ಮಕ್ಕಳೊಂದಿಗಳು ಕಣೆ ತಾಯಿ, ಓಗು! ನಾವೇನ್ ಮಾಡಾಕಿಲ್ಲ, ಓಗವ್ವ!"

ಕರಡಿ ಒಂದೇ ಏಟು ಹೊಡೆಯಿತು. ಕುಕ್ಕೆ ಹರಿದು ಮುದ್ದೆಗಳು ಮಣ್ಣಿಗೆ ಉರುಳಿದವು. ಅದು ಮರಿಯನ್ನು ಹೊತ್ತುಕೊಂಡು ಪೊದೆಗೆ ನುಗ್ಗಿ ಮಾಯವಾಯಿತು. ಅಜ್ಜಿಯ ಎಡಗೈ ಹೆಗಲಿಂದ ಮೊಣಕೈವರೆಗೆ ಸಿಗಿದಿತ್ತು. ಅವಳು ಅಳಲಿಲ್ಲ. ಸೆರಗನ್ನು ಒತ್ತಿ ಹಿಡಿದುಕೊಂಡು, "ಏಳು, ಮನೀಗೋಗವ" ಎಂದಳು. ಎತ್ತಿನಗಾಡಿಯಲ್ಲಿ ಮಳವಳ್ಳಿಯ ಆಸ್ಪತ್ರೆಗೆ ಕರೆದುಕೊಂಡು ಹೋದರು. ಗಾಡಿ ಹೊರಡುವ ಮುಂಚೆ ಚಿಕ್ಕಪ್ಪ ನನ್ನ ಭುಜ ಹಿಡಿದು ಕೇಳಿದ.

"ಕೂಗಿದ್ಯೇನ್ ಮಗಾ?"

ನಾನು ತಲೆ ಆಡಿಸಿದೆ. ಹೌದು ಎಂದು. ಅಷ್ಟೇ. ಒಂದು ಮಾತನ್ನೂ ಆಡದೆ ನಾನು ಹೇಳಿದ ಸುಳ್ಳು ಅದು.

ಆ ಸುಳ್ಳಿಗೆ ಕಾಲು ಬಂತು. ಕೂಗಿದವರ ಮೇಲೂ ಬಿದ್ದಿದೆ ಎಂದರೆ ಕರಡಿ ಕೆಟ್ಟಿದೆ ಎಂದು ಊರಲ್ಲಿ ಮಾತಾಯಿತು. ಕೂಗಿಗೆ ದಾರಿ ಬಿಡದ ಕರಡಿಯನ್ನು ಇಟ್ಟುಕೊಳ್ಳುವುದು ಹೇಗೆ? ಇಷ್ಟು ದಿನ ಅದಕ್ಕೂ ನಮಗೂ ಇದ್ದ ಕಟ್ಟೇ ಮುರಿದ ಮೇಲೆ ಕಡಲೆಕಾಯಿ ಸಾಲು ಬಿಡುವುದೇಕೆ? ವಾರ ಕಳೆದು ಅಜ್ಜಿ ಕೈಗೆ ಪಟ್ಟಿ ಸುತ್ತಿಕೊಂಡು ಮನೆಗೆ ಬಂದ ದಿನ ನಮ್ಮ ಅಂಗಳದಲ್ಲಿ ಗಂಡಸರೆಲ್ಲ ಸೇರಿದರು. ಒಣಹುಲ್ಲು, ಒಂದು ಚೀಲ ಒಣಮೆಣಸಿನಕಾಯಿ, ಭರ್ಜಿ, ಎರಡು ನಾಡಬಂದೂಕು. ಗವಿಯ ಬಾಯಿಗೆ ಮೆಣಸಿನಕಾಯಿ ಹೊಗೆ ಹಾಕುವುದು, ಹೊರಗೆ ಬಂದಾಗ ಮುಗಿಸುವುದು.

"ಮರಿ ಐತೆ ಕಣ್ಲಾ ಅದ್ಕೆ," ಎಂದರು ಅಪ್ಪ.

"ಮರೀನೂ ನಾಳೆ ಅದೇ ಬುದ್ಧಿ ಕಲೀತದೆ, ಸುಮ್ಕಿರಣ್ಣ," ಎಂದ ಚಿಕ್ಕಪ್ಪ. "ಮಗ ಅಷ್ಟು ಕೂಗ್ಕೊಂಡು ಓಗೈತೆ. ಆದ್ರೂ ಬಿದ್ದೈತಲ್ಲ!"

ಜಗುಲಿಯ ಮೇಲೆ ಒರಗಿದ್ದ ಅಜ್ಜಿ ಅವರ ಕೈಯಲ್ಲಿನ ಭರ್ಜಿಯನ್ನು ನೋಡಿಯೇ ವಿಷಯ ತಿಳಿದುಕೊಂಡಳು. "ಬ್ಯಾಡ ಕಣ್ರಪ್ಪ. ಅದ್ರ ತಪ್ಪಿಲ್ಲ" ಎಂದಳು.

"ನಿಂಗೇನ್ ಗೊತ್ತು, ಕಿವಿಯೇ ಕೇಳಾಕಿಲ್ಲ," ಎಂದು ಒಬ್ಬ ಕೈ ಆಡಿಸಿದ. ಅಜ್ಜಿ ಮತ್ತೆ, "ಅದ್ರ ತಪ್ಪಿಲ್ಲ" ಎಂದಳು. ಯಾರ ತಪ್ಪು ಎಂದು ಹೇಳಲಿಲ್ಲ. ಹೇಳುವಾಗ ಅವಳು ನನ್ನ ಕಡೆ ನೋಡಲೂ ಇಲ್ಲ.

ಕೆಂಪಿ ಕಂಬದ ಪಕ್ಕ ನಿಂತು ಅಳುತ್ತಿದ್ದಳು. ಅವಳ ಗಂಟಲು ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. "ಅಯ್ಯಂಗೆ ಮರಿ ಐತಂತಲ್ಲಕ್ಕ" ಎಂದು ನನ್ನ ಲಂಗ ಹಿಡಿದು ಜಗ್ಗಿದಳು. ಅವಳ ಆ ಒಡಕು ದನಿ ಕೇಳಿ ನನಗೆ ಕನಿಕರ ಹುಟ್ಟಬೇಕಿತ್ತು. ಹುಟ್ಟಿದ್ದು ಕೋಪ. ಕರಡಿಗಾಗಿ ಅಳುವುದರಲ್ಲೂ ಇವಳೇ ಮುಂದೆ! ಆ ಕರಡಿಯನ್ನು ನೋಡಿದವಳು ನಾನು, ಅದರ ಮರಿ ರೋಮ ಹಿಡಿದು ಕೂತಿದ್ದನ್ನು ಕಂಡವಳು ನಾನು. ಈ ಒಂದು ವಿಷಯದಲ್ಲಾದರೂ ಅವಳು ನನ್ನ ಹಿಂದೆ ನಿಲ್ಲಲಿ ಎಂದು ಅವಳ ಕೈ ಕೊಡವಿ ಜಗುಲಿ ಹತ್ತಿದೆ. ಒಳ್ಳೆಯತನದಿಂದ ಹತ್ತಿದೆ ಎಂದು ಬರೆದರೆ ಮೊಮ್ಮಕ್ಕಳಿಗೆ ಸುಳ್ಳು ಹೇಳಿದಂತಾಗುತ್ತದೆ.

ಅಜ್ಜಿಗೆ ಗುಟ್ಟಾಗಿ ಹೇಳಿಬಿಡೋಣ, ಅವಳೇ ಹೇಗಾದರೂ ನಿಲ್ಲಿಸಲಿ ಎಂಬುದು ನನ್ನ ಲೆಕ್ಕ. ಅವಳ ಕಿವಿಗೆ ಬಾಯಿ ಇಟ್ಟು ಪಿಸುಗುಟ್ಟಿದೆ. ಅಜ್ಜಿ, "ಆ?" ಎಂದಳು. ಇನ್ನೊಂದು ಸಲ ಹೇಳಿದೆ. "ಏನವ್ವ? ಕೇಳಾಕಿಲ್ಲ" ಎಂದಳು. ಅಂಗಳದಲ್ಲಿ ಹುಲ್ಲಿನ ಹೊರೆ ಎತ್ತುತ್ತಿದ್ದರು. ಚಿಕ್ಕಪ್ಪ ಬಂದೂಕನ್ನು ಹೆಗಲಿಗೆ ಹಾಕಿದ. ನನಗೆ ಅಜ್ಜಿಯ ಮೇಲೆ, ಅವಳ ಕಿವಿಯ ಮೇಲೆ, ಎರಡು ವರ್ಷ ಅವಳ ಬೆನ್ನಿಗೆ ಹೇಳಿ ಹಾಳಾದ ನನ್ನ ಮಾತುಗಳ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು.

"ನಾನು ಕೂಗ್ನಿಲ್ಲ ಕಣಜ್ಜೀ! ಬಾಯೇ ಬುಡ್ನಿಲ್ಲ! ಸುಮ್ಕೆ ಓದೆ!"

ನನ್ನ ದನಿಯನ್ನು ನಾನೇ ಅವತ್ತು ಮೊದಲು ಕೇಳಿದೆ. ಅಂಗಳದಲ್ಲಿ ಎಲ್ಲರೂ ನಿಂತಲ್ಲೇ ನಿಂತರು. ಕಟ್ಟಿದ ಎತ್ತು ಕತ್ತೆತ್ತಿತು. ಅಜ್ಜಿ ಚೆನ್ನಾಗಿದ್ದ ಕೈಯಿಂದ ನನ್ನ ಗಲ್ಲ ಹಿಡಿದಳು.

"ಗೊತ್ತು ಕಣೆ," ಎಂದಳು. "ಕೆಂಪಿ ಕೂಗ್ದಾಗ ಪೊದೆಯಿಂದ ಕೌಜುಗ ಬುರ್ರಂತ ಆರ್ತವೆ. ಕಿವಿ ಇಲ್ದಿದ್ರೂ ಕಣ್ಣೈತಲ್ಲ ನಂಗೆ? ಅವತ್ತು ಒಂದೂ ಆರ್ನಿಲ್ಲ."

"ಮತ್ಯಾಕ್ ಬಂದೆ ನನ್ನಿಂದೆ?" ಎಂದು ಮತ್ತೆ ಕೂಗಿದೆ.

"ಇನ್ನೊಂದೆಜ್ಜೆಗೆ ಕೂಗ್ತಾಳೆ, ಇನ್ನೊಂದೆಜ್ಜೆಗೆ ಕೂಗ್ತಾಳೆ ಅನ್ಕಂಡೆ. ನಿನ್ ಕೂಗ ನಾನೂ ನೋಡ್ಬೇಕಿತ್ತು."

ಚಿಕ್ಕಪ್ಪ ಮೆಣಸಿನಕಾಯಿ ಚೀಲವನ್ನು ನೆಲಕ್ಕೆ ಎಸೆದು, "ಥೂ, ಮೂದೇವಿ" ಎಂದು ಉಗಿದ. ಅವ್ವ ನನ್ನ ಬೆನ್ನಿಗೆ ಎರಡು ಬಿಟ್ಟಳು. ಗಂಡಸರು ಒಬ್ಬೊಬ್ಬರೇ ಭರ್ಜಿ ಹಿಡಿದು ಮನೆಗೆ ಹೋದರು. ಆ ವರ್ಷವೂ ಕಡಲೆಕಾಯಿಯ ಕೊನೆಯ ಸಾಲನ್ನು ಅಯ್ಯ ಬಂದು ಅಗೆದುಕೊಂಡು ಹೋಗಿದ್ದ. ಒದ್ದೆ ಮಣ್ಣಿನಲ್ಲಿ ದೊಡ್ಡ ಹೆಜ್ಜೆಯ ಪಕ್ಕ ಚಿಕ್ಕ ಹೆಜ್ಜೆಯೂ ಇತ್ತು.

ನಾನು ಬದಲಾದೆ ಎಂದುಕೊಳ್ಳಬೇಡಿ. ಕೆಂಪಿಯ ಗಂಟಲು ಬಿಟ್ಟಿತು. ಕೂಗುವ ಕೆಲಸ ಅವಳಿಗೇ ಹೋಯಿತು, ಬೆಣ್ಣೆಯೂ ಅವಳಿಗೇ. ಅಜ್ಜಿಯ ಎಡಗೈ ಮತ್ತೆ ಮೇಲೆ ಏಳಲಿಲ್ಲ. ಅವಳ ತಲೆ ಬಾಚುವ ಕೆಲಸ ನನಗೆ ಬಂತು. ಬಾಚುವಾಗ ಒಂದೆರಡು ಮಾತನ್ನು ಗಟ್ಟಿಯಾಗಿ ಆಡುತ್ತಿದ್ದೆ, ಅವಳು ಕತ್ತು ಹೊರಳಿಸಿ ಉತ್ತರ ಕೊಡುತ್ತಿದ್ದಳು. ಮಲಗುವಾಗ ಮಾತ್ರ ಮುಖ ಆ ಕಡೆಗೇ. ಎಡಗೈಯ ಮೇಲೆ ಮಲಗಲಾಗದ್ದಕ್ಕೆ ಹಾಗೆ ಎಂದು ತಿಳಿದಿದ್ದರೂ ನನಗೆ ಉರಿಯುತ್ತಿತ್ತು.

ಈಗ ಕೆಂಪಿಯ ಕಥೆಗೆ ಬರುತ್ತೇನೆ. ನಾನು ಸುಮ್ಮನೆ ಹೋದದ್ದನ್ನೂ, ಆಮೇಲೆ ಒಪ್ಪಿಕೊಂಡದ್ದನ್ನೂ ಅವಳು ನಗುತ್ತಾ ಹೇಳುತ್ತಾಳೆ. ತಾನು ಇದ್ದಿದ್ದರೆ ಒಂದೇ ಕೂಗಿಗೆ ಓಡಿಸುತ್ತಿದ್ದೆ ಎಂದು ಎದ್ದು ನಿಂತು ಕೂಗಿ ತೋರಿಸುತ್ತಾಳೆ. ಕೇಳಿದ ಮಕ್ಕಳಿಗೆ ಓಡಿಸಿದ್ದೂ ಅವಳೇ ಎಂದು ಉಳಿದುಬಿಡುತ್ತದೆ. ಅದು ಹೋಗಲಿ. ಅದಕ್ಕೆ ಮುಂಚೆ ಅವಳು ಪ್ರತಿ ಸಲವೂ ತಪ್ಪದೆ ಒಂದು ಮಾತು ಹೇಳುತ್ತಾಳೆ.

"ಇಬ್ನಿಗೆ ನನ್ ಗಂಟ್ಲು ಕಟ್ಟೋಗಿತ್ತು ಕಣ್ರಲಾ. ಪಾಪ, ನಮ್ಮಕ್ಕ ಅದ್ರ ಇಂದ್ಲ ಎಲ್ಡು ದಿನ ಮರ ಅತ್ತಿ ನಂಗೋಸ್ಕರ ಉಣ್ಸೇಕಾಯಿ ಕಿತ್ಕೊಟ್ಟಿದ್ಲು. ಒಂದ್ನೂ ತಾನ್ ತಿನ್ನಿಲ್ಲ, ಎಲ್ಲಾ ನಂಗೇಯ. ಅಂಥಾ ಅಕ್ಕ ಯಾರ್ಗವ್ಳೆ?"

ನೀವೆಲ್ಲ ಆಗ ಅಡುಗೆಮನೆಯ ಕಡೆ ತಿರುಗಿ ನನ್ನನ್ನು ನೋಡಿ ನಗುತ್ತೀರಿ. ಆ ಕಥೆಯಲ್ಲಿ ನನಗೆ ಸಿಗುವ ಒಂದೇ ಒಂದು ಒಳ್ಳೆಯ ಮಾತು ಅದು. ಅದಕ್ಕೇ ಇಷ್ಟು ವರ್ಷ ಕಾಫಿ ಸೋಸುತ್ತಾ ಸುಮ್ಮನಿದ್ದೆ.

ಸಿಂಚನ, ಈ ಯುಗಾದಿಗೆ ಕೆಂಪಜ್ಜಿ ಬಂದಾಗ ಇದನ್ನು ಅವಳಿಗೆ ಓದಿ ಹೇಳು. ಹುಣಸೆಕಾಯಿಯ ಜಾಗವನ್ನು ಬಿಟ್ಟು ಓದಬೇಡ. ನಾನು ಅಡುಗೆಮನೆಯಲ್ಲಿ ಇರುವುದಿಲ್ಲ, ಅವಳ ಎದುರಿಗೇ ಕೂತಿರುತ್ತೇನೆ. ಗಟ್ಟಿಯಾಗಿ ಓದು, ಮಗು. ಅವಳಿಗೂ ಈಗ ಕಿವಿ ಕೇಳುವುದಿಲ್ಲ.